ಬಿಪಿ ನಾರ್ಮಲ್ ಇದ್ದರೂ ಬಿಪಿ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ. ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದ್ದೇವೆ. ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು) ಶೇ 38 ಬಂದಿದೆ. ಎಂಆರ್‌ಐ ಮಾಡಿಸಿದಾಗ ಹೃದಯದಲ್ಲಿ ಗಾಯದ ಕಲೆ ಇದೆ, ಫೈಬ್ರೋಸಿಸ್ ಆಗಿದೆ ಎಂದರು. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಕೊಟ್ಟಿದ್ದಾರೆ. ಆದರೆ ಅಪ್ಪನ ಬಿಪಿ 110/70. ಸುಮ್ನೆ ಯಾಕೆ ಈ ಮಾತ್ರೆ? ನಿಲ್ಲಿಸಬಹುದಾ? ಆ ಕಲೆ ಹೋಗುವುದಿಲ್ಲವಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಇವು ಬಿಪಿ ಮಾತ್ರೆಗಳೇ, ನಿಜ. ಆದರೆ ನಿಮ್ಮ ತಂದೆಯವರಿಗೆ ಕೊಟ್ಟಿರುವುದು ಬಿಪಿಗಲ್ಲ, ಹೃದಯಕ್ಕೆ.

ಹೃದಯ ಅಂದರೆ ಬರೀ ಮಾಂಸಖಂಡ ಅಲ್ಲ. ಆ ಸ್ನಾಯು ಕೋಶಗಳ ನಡುವೆ ಫೈಬ್ರೋಬ್ಲಾಸ್ಟ್ ಎಂಬ ಸಂಯೋಜಕ ಅಂಗಾಂಶದ ಕೋಶಗಳಿವೆ. ಕೊಲಾಜೆನ್ ಎಂಬ ನಾರು ತಯಾರಿಸಿ ಹೃದಯದ ಆಕಾರ ಹಿಡಿದಿಡುವುದು ಇವುಗಳ ಕೆಲಸ. ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಅರ್ಧ ಗಂಟೆಯೊಳಗೇ ಸ್ನಾಯು ಸಾಯಲು ಶುರುವಾಗುತ್ತದೆ. ಸ್ಟೆಂಟ್ ನಾಳವನ್ನು ತೆರೆಯುತ್ತದೆ, ಸತ್ತ ಸ್ನಾಯುವನ್ನು ಬದುಕಿಸುವುದಿಲ್ಲ. ಹೊಸ ಸ್ನಾಯು ಕೋಶ ಹುಟ್ಟುವುದೂ ತೀರಾ ಕಡಿಮೆ. 25ರ ವಯಸ್ಸಿನಲ್ಲೇ ವರ್ಷಕ್ಕೆ ಸುಮಾರು ಶೇ 1, 75ಕ್ಕೆ ಬರುವಷ್ಟರಲ್ಲಿ ಅದರ ಅರ್ಧಕ್ಕೂ ಕಡಿಮೆ. ಆ ಖಾಲಿ ಜಾಗವನ್ನು ಫೈಬ್ರೋಬ್ಲಾಸ್ಟ್‌ಗಳು ಕೊಲಾಜೆನ್‌ನಿಂದ ತುಂಬುತ್ತವೆ. ಎಂಆರ್‌ಐನಲ್ಲಿ ಬೆಳ್ಳಗೆ ಕಂಡದ್ದು ಅದೇ.

ಆ ಕಲೆಯನ್ನು ಬೈಯಬೇಡಿ. ಅದು ಆಗದೇ ಹೋಗಿದ್ದರೆ ಮೊದಲ ವಾರದಲ್ಲೇ ಹೃದಯದ ಗೋಡೆ ಒಡೆಯುವ ಅಪಾಯವಿತ್ತು. ಅದಕ್ಕೇ, ಅಟ್ಯಾಕ್ ಆದವರು ಮಂಡಿ ನೋವು ಅಂತ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು. ಗಾಯ ಮಾಯುವುದಕ್ಕೂ ಅವು ಅಡ್ಡಿ ಮಾಡಬಹುದು, ಕಿಡ್ನಿಗೂ ಒಳ್ಳೆಯದಲ್ಲ.

ತೊಂದರೆ ಬರುವುದು ಆಮೇಲೆ. ಕೆಲಸ ಮುಗಿದರೂ ಈ ಕೋಶಗಳು ಸುಮ್ಮನಾಗುವುದಿಲ್ಲ. ಹೃದಯ ದುರ್ಬಲವಾದಾಗ ದೇಹದಲ್ಲಿ ಆಂಜಿಯೊಟೆನ್ಸಿನ್, ಆಲ್ಡೋಸ್ಟೆರೋನ್ ಎಂಬ ಹಾರ್ಮೋನುಗಳು ಜಾಸ್ತಿಯಾಗುತ್ತವೆ. ಇವು ಬಿಪಿ ಏರಿಸುವುದಷ್ಟೇ ಅಲ್ಲ, ಫೈಬ್ರೋಬ್ಲಾಸ್ಟ್‌ಗಳನ್ನೂ ಕೆಣಕುತ್ತವೆ. ಆಗ ಚೆನ್ನಾಗಿರುವ ಸ್ನಾಯುವಿನ ನಡುವೆಯೂ ನಾರು ಬೆಳೆಯುತ್ತದೆ. ಹೃದಯ ಬಿಗಿಯಾಗುತ್ತದೆ, ಸಡಿಲಗೊಂಡು ರಕ್ತ ತುಂಬಿಸಿಕೊಳ್ಳುವುದು ಕಷ್ಟವಾಗುತ್ತದೆ. ವಿದ್ಯುತ್ ಸಂಕೇತ ನಾರಿನ ಸುತ್ತ ಬಳಸಿಕೊಂಡು ಓಡಬೇಕಾಗುವುದರಿಂದ ಬಡಿತವೂ ತಾಳ ತಪ್ಪಬಹುದು. ಹಳೆಯ ಬಿಪಿ, ಶುಗರ್ ಇದ್ದವರಲ್ಲಿ ಅಟ್ಯಾಕ್ ಆಗದೆಯೂ ಹೀಗಾಗುತ್ತದೆ.

ರಾಮಿಪ್ರಿಲ್ ಆಂಜಿಯೊಟೆನ್ಸಿನ್ ತಯಾರಿ ತಗ್ಗಿಸುತ್ತದೆ. ಸ್ಪೈರೊನೊಲ್ಯಾಕ್ಟೋನ್ ಆಲ್ಡೋಸ್ಟೆರೋನನ್ನು ತಡೆಯುತ್ತದೆ. 1999ರಲ್ಲಿ ಪ್ರಕಟವಾದ ರೇಲ್ಸ್ ಅಧ್ಯಯನದಲ್ಲಿ ಹೃದಯ ವೈಫಲ್ಯ ತೀವ್ರವಾಗಿದ್ದವರಿಗೆ ಸ್ಪೈರೊನೊಲ್ಯಾಕ್ಟೋನ್ ಕೊಟ್ಟಾಗ ಸಾವಿನ ಅಪಾಯ ಶೇ 30ರಷ್ಟು ಇಳಿಯಿತು. ಕೊಲಾಜೆನ್ ತಯಾರಾಗುತ್ತಿದೆ ಎಂದು ತೋರಿಸುವ ರಕ್ತದ ಗುರುತುಗಳೂ ಅವರಲ್ಲಿ ತಗ್ಗಿದ್ದವು. ಇಷ್ಟು ಅಗ್ಗದ ಮಾತ್ರೆ ಇಷ್ಟು ಕೆಲಸ ಮಾಡುವುದು ಅಪರೂಪ!

ಆಗಿರುವ ಕಲೆ ಹೋಗುತ್ತದಾ ಅಂದರೆ, ಸದ್ಯಕ್ಕೆ ಇಲ್ಲ. ಕೋವಿಡ್ ಲಸಿಕೆಯಲ್ಲಿ ಬಳಸಿದ ಎಂಆರ್‌ಎನ್‌ಎ ತಂತ್ರದಿಂದಲೇ ಈ ಕೆರಳಿದ ಕೋಶಗಳನ್ನು ಹೊಡೆಯುವ ಪ್ರಯೋಗವನ್ನು ಅಮೆರಿಕದ ವಿಜ್ಞಾನಿಗಳು 2022ರಲ್ಲಿ ವರದಿ ಮಾಡಿದರು. ಫೈಬ್ರೋಸಿಸ್ ಕಡಿಮೆಯೂ ಆಯಿತು, ಆದರೆ ಇಲಿಗಳಲ್ಲಿ. ಹಾಗಾಗಿ ಕಲೆ ಕರಗಿಸುವ ಪುಡಿ, ಕಷಾಯ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕಳೆದುಕೊಳ್ಳಬೇಡಿ. ಕಲೆ ಹಾಗೇ ಇದ್ದರೂ ಉಳಿದ ಸ್ನಾಯು ಚೇತರಿಸಿಕೊಂಡು ಇಎಫ್ ಏರುವುದುಂಟು.

ಒಂದು ಎಚ್ಚರಿಕೆ ಮಾತ್ರ ಬೇಕು. ಈ ಎರಡು ಮಾತ್ರೆ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಅದು ಜಾಸ್ತಿಯಾದರೆ ಹೃದಯಕ್ಕೇ ಅಪಾಯ. ವಾಕಿಂಗ್ ಮುಗಿಸಿ ಪಾರ್ಕ್ ಮುಂದೆ ದಿನಾ ಎಳನೀರು ಕುಡಿಯುವ ಅಭ್ಯಾಸ ಅವರಿಗಿದ್ದರೆ ಡಾಕ್ಟರಿಗೆ ಹೇಳಿ. ಅದರಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ. 'ಲೋ ಸೋಡಿಯಂ' ಉಪ್ಪಿನಲ್ಲೂ ಅಷ್ಟೇ. ಡಾಕ್ಟರು ಹೇಳಿದ ದಿನಕ್ಕೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಟೆಸ್ಟ್ ತಪ್ಪದೆ ಮಾಡಿಸಿ. ತಲೆಸುತ್ತು ಬಂದರೂ ಮಾತ್ರೆ ಬಿಡುವ ಮೊದಲು ಅವರಿಗೊಂದು ಫೋನ್ ಮಾಡಿ, ಡೋಸ್ ಕಡಿಮೆ ಮಾಡಿದರೆ ಸಾಕಾಗಬಹುದು.