‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂದರೆ ಮುಗಿಯಿತಾ?

ಲೋಕಸಭೆಯ ಲಿಖಿತ ಪ್ರಶ್ನೆಗೆ ಮಂತ್ರಿ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು’ ಎಂದು ಬರೆದು ಜಾರಿಕೊಂಡರೆ ಏನು ಗತಿ ಅಂತ ಕೇಳಿದ್ದೀರಿ. ಪೂರ್ತಿ ಜಾರಿಕೊಳ್ಳಲು ಆಗುವುದಿಲ್ಲ. ಆ ಸಾಲನ್ನೇ ಸದನ ‘ಭರವಸೆ’ ಎಂದು ಲೆಕ್ಕ ಹಾಕುತ್ತದೆ. ಮೂರು ತಿಂಗಳಲ್ಲಿ ಪೂರೈಸಬೇಕು. ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಈ ಸಮಿತಿ 1953ರಿಂದಲೂ ಇದೆ. ಆದರೆ ಅಧಿಕಾರಿಗಳು ಮತ್ತೆ ಮತ್ತೆ ಗಡುವು ವಿಸ್ತರಿಸಿ ಎಂದು ಕೇಳುತ್ತಾರೆ, ವರ್ಷಗಟ್ಟಲೆ ಎಳೆಯುವುದೂ ಉಂಟು. ಸಮಿತಿಗೆ ಹಲ್ಲಿದೆ, ಕಚ್ಚುವುದು ಕಡಿಮೆ ಅಷ್ಟೇ!

ಉತ್ತರವೇ ತಪ್ಪಾಗಿದ್ದರೆ ದಾರಿ ಬೇರೆ. ಸ್ಪೀಕರ್ ನಿರ್ದೇಶನ 115ರ ಪ್ರಕಾರ ಸಂಸದರು ಸ್ಪೀಕರ್‌ಗೆ ಬರೆಯಬಹುದು. ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಮಾತ್ರ ಸಿಗುವ ಪ್ರಶ್ನೆಗೆ ಸದನದಲ್ಲಿ ಉಪಪ್ರಶ್ನೆ ಕೇಳುವಂತಿಲ್ಲ. ಹಾಗಾಗಿ ಈ ಪತ್ರ ಸುಮ್ನೆ ಅಲ್ಲ. ನಿಮ್ಮ ಸಂಸದರಿಗೆ ದಾಖಲೆ ಸಮೇತ ತಿಳಿಸಿ.