84 ದಿನದ ಸೇವೆಗೆ ಯುಎನ್ ಮೆಡಲ್ ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ತಮ್ಮ ತನ್ನ ಪಲ್ಟನ್ ಜೊತೆ ದಕ್ಷಿಣ ಸುಡಾನ್‌ನ ವಿಶ್ವಸಂಸ್ಥೆ (ಯುಎನ್) ಶಾಂತಿಪಾಲನಾ ಮಿಷನ್‌ಗೆ ಹೋಗಿದ್ದ, ಮಲೇರಿಯಾ ಬಲವಾಗಿ ಹಿಡಿದು 84ನೇ ದಿನಕ್ಕೆ ವಾಪಸ್ ಕಳಿಸಿದರು, ಜೊತೆಗಿದ್ದವರೆಲ್ಲ ಆಮೇಲೆ ಮೆಡಲ್ ಪರೇಡ್‌ನಲ್ಲಿ ಮೆಡಲ್ ಹಾಕಿಸಿಕೊಂಡರು, ಇವನಿಗೆ ಸಿಗುತ್ತದೋ ಇಲ್ಲವೋ. ಇಂಟರ್ನೆಟ್‌ನಲ್ಲಿ ‘ಒಂಬತ್ತು ತಿಂಗಳು ಬೇಕು’ ಎಂದು ಓದಿ ಆಸೆ ಬಿಟ್ಟಿದ್ದೀರಿ. ಕೊನೆಗೆ ತಾತನ ಕಾಂಗೋ ಮೆಡಲ್ ಬಗ್ಗೆಯೂ ಒಂದು ಅನುಮಾನ. ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು, ಜವಾನರ ಕಾಗದಪತ್ರ ನೋಡುವುದೇ ನನ್ನ ಕೆಲಸವಾಗಿತ್ತು. ಆ ಮಟ್ಟಿಗೆ ಹೇಳುತ್ತೇನೆ.

ಮೊದಲು ಆ ಒಂಬತ್ತು ತಿಂಗಳನ್ನು ಮರೆತುಬಿಡಿ. ಅದು ನಮ್ಮದೂ ಅಲ್ಲ, ಯುಎನ್‌ದೂ ಅಲ್ಲ, ಅಮೆರಿಕದ ಭೂಸೇನೆಯದು. ಅವರಲ್ಲಿ 1981ರಲ್ಲಿ ಶುರುವಾದ ‘ಓವರ್‌ಸೀಸ್ ಸರ್ವಿಸ್ ರಿಬ್ಬನ್’ ಎಂದು ಒಂದಿದೆ. ಮೆಡಲ್ ಇರುವುದಿಲ್ಲ, ಎದೆ ಮೇಲೆ ರಿಬ್ಬನ್ ಮಾತ್ರ. ವಿದೇಶದ ಒಂದು ಪೂರ್ತಿ ಟೂರ್ (ನಿಯೋಜನೆಯ ಅವಧಿ) ಮುಗಿಸಿದವರಿಗೆ ಅದನ್ನು ಕೊಡುತ್ತಾರೆ. ಸತತ 9 ತಿಂಗಳು ಇದ್ದರೆ, ಅಥವಾ ಹೋಗಿ ಬಂದು ಮಾಡಿದ್ದರೆ 24 ತಿಂಗಳೊಳಗೆ ಒಟ್ಟು 11 ತಿಂಗಳು ಇದ್ದರೆ, ಟೂರ್ ಮುಗಿದಂತೆ ಲೆಕ್ಕ. ಜರ್ಮನಿಯಲ್ಲಿ ನೆಮ್ಮದಿಯಾಗಿ ಮೇಜಿನ ಕೆಲಸ ಮಾಡಿದವನಿಗೂ ಅದು ಸಿಗುತ್ತದೆ. ಯುದ್ಧವಲಯದಲ್ಲಿದ್ದವರಿಗೆ ಇದಲ್ಲದೆ ಪ್ರತಿ ಆರು ತಿಂಗಳಿಗೆ ಒಂದರಂತೆ ಬಲತೋಳಿನ ಕೆಳಭಾಗದಲ್ಲಿ ಹೊಲಿಯುವ ಚಿನ್ನದ ಬಣ್ಣದ ಪಟ್ಟಿ ಬೇರೆ. ಅದೇ ದೇಶದ ನೌಕಾಪಡೆಯ ಓವರ್‌ಸೀಸ್ ರಿಬ್ಬನ್‌ಗೆ ಹೊರದೇಶದ ದಡದ ಠಾಣೆಯಲ್ಲಿ 12 ತಿಂಗಳು ಬೇಕು. ಒಂದೇ ದೇಶದ ಎರಡು ಪಡೆಗಳಲ್ಲೇ ಲೆಕ್ಕ ಹೀಗೆ ಬೇರೆಬೇರೆ. ಇಂಗ್ಲಿಷಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಅಮೆರಿಕದ ನಿಯಮವೇ, ನಮ್ಮ ಹುಡುಗರ ಮನೆಯವರು ಅದನ್ನೇ ನಂಬಿ ಕೂರುತ್ತಾರೆ.

ಯುಎನ್ ಶಾಂತಿಪಾಲನಾ ಮೆಡಲ್‌ಗೆ ಈಗ ಸಾಮಾನ್ಯವಾಗಿ ಬೇಕಾಗುವುದು ಆ ಮಿಷನ್‌ನಲ್ಲಿ 90 ದಿನದ ಒಳ್ಳೆಯ ಸೇವೆ. ಸೇವೆ ಕಷ್ಟದ್ದೋ ಸುಲಭದ್ದೋ, ಗುಂಡು ಹಾರಿತೋ ಇಲ್ಲವೋ, ಅದನ್ನು ಯಾರೂ ಕೇಳುವುದಿಲ್ಲ. ಯಾವ ಮಿಷನ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಆದೇಶದ ಮೇಲೆ, ಇಷ್ಟೇ. ಕೇಳಲು ತುಂಬ ಒಣ ಲೆಕ್ಕ ಅನ್ನಿಸುತ್ತದೆ, ನಿಜ. ಆದರೆ ಕಷ್ಟವನ್ನು ಅಳೆಯಲು ಹೊರಟರೆ ಪ್ರತಿ ಪಲ್ಟನ್‌ನಲ್ಲೂ ಜಗಳವಾಗುತ್ತದೆ. ದಿನ ಎಣಿಸುವುದರಲ್ಲಿ ಆ ತಕರಾರಿಲ್ಲ.

ಹಾಗಾದರೆ ನೀವು 84 ಎಂದು ಎಣಿಸಿದ್ದು ಎಲ್ಲಿಂದ ಎಲ್ಲಿಗೆ? ಇದನ್ನು ಮೊದಲು ಬಗೆಹರಿಸಿಕೊಳ್ಳಿ. ಮನೆಯವರು ಸಾಮಾನ್ಯವಾಗಿ ಹುಡುಗ ಊರಿನ ರೈಲು ಹತ್ತಿದ ದಿನದಿಂದ, ಇಲ್ಲವೇ ದೆಹಲಿಯಿಂದ ‘ನಾಳೆ ಹೊರಡ್ತೀವಿ’ ಎಂದು ಫೋನ್ ಮಾಡಿದ ದಿನದಿಂದ ಎಣಿಸುತ್ತಾರೆ. ಯುಎನ್‌ಗೆ ಹೋಗುವ ಮುನ್ನ ಇಲ್ಲಿ ನಡೆಯುವ ತರಬೇತಿ, ದೆಹಲಿಯಲ್ಲಿ ಕಾದ ದಿನಗಳು, ಇವು ಯಾವುವೂ ಮಿಷನ್‌ನ ದಿನಗಳಲ್ಲ. ಮಿಷನ್ ಪ್ರದೇಶದಲ್ಲಿ ವರದಿ ಮಾಡಿಕೊಂಡ ದಿನದಿಂದ ಗಡಿಯಾರ ಶುರು. ಹಾಗಾಗಿ ಲೆಕ್ಕ 84ಕ್ಕಿಂತ ಕಡಿಮೆಯೂ ಆಗಬಹುದು. ಇನ್ನೊಂದು ಕಡೆಯಿಂದ ಹೆಚ್ಚೂ ಆಗಬಹುದು: ದಕ್ಷಿಣ ಸುಡಾನ್‌ನ ಮಲಕಾಲ್‌ನಲ್ಲಿ ನಮ್ಮ ಸೇನೆಯವರೇ ನಡೆಸುವ ಫೀಲ್ಡ್ ಆಸ್ಪತ್ರೆ ಇದೆ. ನಿಮ್ಮ ತಮ್ಮ ಪಲ್ಟನ್ ಬಿಟ್ಟ ದಿನವನ್ನೇ ಅವನು ‘ವಾಪಸ್ ಬಂದ ದಿನ’ ಎಂದು ಹೇಳುತ್ತಿರಬಹುದು. ಪಲ್ಟನ್ ಬಿಟ್ಟ ಮೇಲೂ ಅಂಥ ಆಸ್ಪತ್ರೆಯಲ್ಲಿ ಮಲಗಿದ್ದರೆ ಅವನು ಇನ್ನೂ ಮಿಷನ್ ಪ್ರದೇಶದೊಳಗೇ ಇದ್ದ. ಕಾಯಿಲೆ ಬಿದ್ದ ದಿನ ಮತ್ತು ಆ ದೇಶದಿಂದ ವಿಮಾನ ಹತ್ತಿದ ದಿನದ ನಡುವೆ ಒಂದು ವಾರ ಇದ್ದರೂ ಇಡೀ ಪ್ರಶ್ನೆಯೇ ಬದಲಾಗುತ್ತದೆ. ಅವನ ಮೂವ್‌ಮೆಂಟ್ ಆರ್ಡರ್ (ಪ್ರಯಾಣದ ಆದೇಶ) ಮತ್ತು ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಎಣಿಸಿ, ಬಾಯಿಮಾತಿನಲ್ಲಿ ಬೇಡ.

ಎಣಿಸಿದ ಮೇಲೂ 90 ಮುಟ್ಟದಿದ್ದರೆ? ಬರೀ ದಿನದ ಲೆಕ್ಕದಲ್ಲಿ ಸಿಗುವುದಿಲ್ಲ. ಆದರೆ ಸೇವೆ ಯಾಕೆ ಮೊಟಕಾಯಿತು ಎನ್ನುವುದಕ್ಕೂ ಬೆಲೆ ಇದೆ, ಬಹಳ ಕಾಲದಿಂದ ಇದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಸ್ಟಾರ್ ಮೆಡಲ್‌ಗಳಲ್ಲೂ ಸಾವು, ಗಾಯ, ಸೇವೆಯಿಂದ ಬಂದ ಅಂಗವೈಕಲ್ಯ, ಇವುಗಳಿಂದ ಸೇವೆ ತುಂಡಾದರೆ ದಿನದ ಷರತ್ತು ಇರಲಿಲ್ಲ. ಈಗಿನ ಅಮೆರಿಕದ ಭಯೋತ್ಪಾದನಾ ವಿರೋಧಿ ಯುದ್ಧದ ಮೆಡಲ್‌ಗೆ ಸತತ 30 ದಿನ, ಇಲ್ಲವೇ ಬಿಡಿಬಿಡಿಯಾಗಿ 60 ದಿನ ಬೇಕು, ಗಾಯಗೊಂಡು ಅಲ್ಲಿಂದ ಸಾಗಿಸಲ್ಪಟ್ಟವನಿಗೆ ಆ ಷರತ್ತಿಲ್ಲ. ಆದ್ದರಿಂದ ನಿಮ್ಮ ತಮ್ಮನ ವಿಷಯದಲ್ಲಿ ನೋಡಬೇಕಾದ ಕಾಗದ ಮೆಡಿಕಲ್ ಬೋರ್ಡ್‌ನದು. ಮಲೇರಿಯಾವನ್ನು ಅಲ್ಲಿ ‘ಸೇವೆಯಿಂದ ಉಂಟಾದದ್ದು’ ಎಂದು ಬರೆದಿದ್ದಾರೋ ಇಲ್ಲವೋ? ಬರೆದಿದ್ದರೆ, ಪಲ್ಟನ್‌ನ ಮೂಲಕ ವಿನಾಯಿತಿ ಕೇಳಲು ಕೈಯಲ್ಲಿ ಆಧಾರ ಇದ್ದಂತೆ. ರಜೆ ಮೇಲೆ ಬಂದವನು ಮನೆಯಲ್ಲಿ ಬೈಕ್‌ನಿಂದ ಬಿದ್ದು ವಾಪಸ್ ಹೋಗದೆ ಉಳಿದರೆ ಈ ವಾದ ನಿಲ್ಲುವುದಿಲ್ಲ. ಕೊಟ್ಟೇ ಕೊಡುತ್ತಾರೆ ಎಂದು ನಾನು ಹೇಳುವುದಿಲ್ಲ. ಕೇಳಲು ದಾರಿ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

(ಮಿಷನ್‌ನಲ್ಲೇ ಪ್ರಾಣ ಬಿಟ್ಟವರದು ಬೇರೆಯೇ ವ್ಯವಸ್ಥೆ. ಭದ್ರತಾ ಮಂಡಳಿ 1997ರಲ್ಲಿ 1121ನೇ ನಿರ್ಣಯದಿಂದ ಡಾಗ್ ಹ್ಯಾಮರ್‌ಶೋಲ್ಡ್ ಪದಕ ಶುರುಮಾಡಿತು. ಹೆಸರು, ತೀರಿಕೊಂಡ ದಿನ ಕೆತ್ತಿದ ಗಾಜಿನ ಪದಕ, ಅದನ್ನು ಮನೆಯವರ ಕೈಗೆ ಕೊಡುತ್ತಾರೆ.)

ಮೆಡಲ್ ಪರೇಡ್ ಬಗ್ಗೆ ನಿಮಗಿರುವ ಬೇಸರ ಅರ್ಥವಾಗುತ್ತದೆ. ಆದರೆ ಪರೇಡ್‌ನಲ್ಲಿ ನಿಂತದ್ದಕ್ಕೆ ಮೆಡಲ್ ಅಲ್ಲ. ಪರೇಡ್ ಸಮಾರಂಭ ಅಷ್ಟೇ, ಅರ್ಹತೆ ಮೊದಲೇ ಪಟ್ಟಿಯಲ್ಲಿ ತೀರ್ಮಾನವಾಗಿರುತ್ತದೆ. ಪರೇಡ್ ದಿನ ಇಲ್ಲದವನಿಗೂ ಹೆಸರು ಪಟ್ಟಿಯಲ್ಲಿದ್ದರೆ ಮೆಡಲ್ ಬರುತ್ತದೆ. ನಿಮ್ಮ ತಮ್ಮನಿಗೆ ಕೈಗೆ ಕೊಡಲಿಲ್ಲವೆಂದರೆ ಅವನಿಗೆ ಇಲ್ಲ ಎಂದು ಯಾರೋ ನಿರ್ಧರಿಸಿದ್ದಾರೆಂದೇ ಅರ್ಥವಲ್ಲ. ಅವನು ಹೊರಟ ಮೇಲೆ ಅವನ ಹೆಸರನ್ನು ಯಾರೂ ಮೇಲಕ್ಕೆ ಕಳಿಸದೇ ಇರಬಹುದು. ಇದು ನೀವು ಊಹಿಸುವುದಕ್ಕಿಂತ ಹೆಚ್ಚು ಸಲ ಆಗುತ್ತದೆ: ಹುಡುಗ ಒಂದು ಕಡೆ, ಪಲ್ಟನ್ ಒಂದು ಕಡೆ, ಕಾಗದ ನಡುವೆ ಎಲ್ಲೋ.

ತಾರೀಖಿನ ಮಾತಿಗೆ ಬರೋಣ, ಇಲ್ಲಿ ಜನ ಬಹಳ ಎಡವುತ್ತಾರೆ. ಒಂದೇ ಮೆಡಲ್, ಒಂದೇ ರಿಬ್ಬನ್ ಆಗಿದ್ದರೂ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗಿರಬಹುದು. ಸೈಪ್ರಸ್‌ಗೆ ಹೋದ ಯುಎನ್ ಪಡೆಯನ್ನು ನೋಡಿ. 1964ರ ಮಾರ್ಚ್ 27ರಿಂದ ಒಂದು ವರ್ಷ ಅಲ್ಲಿ 30 ದಿನ ಇದ್ದರೆ ಮೆಡಲ್ ಸಿಗುತ್ತಿತ್ತು. ಅಲ್ಲಿಂದಾಚೆ 90 ದಿನ. 1964ರಲ್ಲಿ 40 ದಿನ ಇದ್ದವನಿಗೆ ಇದೆ, 1966ರಲ್ಲಿ 40 ದಿನ ಇದ್ದವನಿಗೆ ಇಲ್ಲ. 1964ರ ಮಧ್ಯದಿಂದ ಆ ಪಡೆಯ ಮುಖ್ಯಸ್ಥರಾಗಿದ್ದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು. 1965ರ ಡಿಸೆಂಬರ್‌ನಲ್ಲಿ ಆ ಹುದ್ದೆಯಲ್ಲಿದ್ದಾಗಲೇ ಸೈಪ್ರಸ್‌ನಲ್ಲಿ ತೀರಿಕೊಂಡರು. ಕೊರಿಯಾ ಯುದ್ಧದ ಯುಎನ್ ಮೆಡಲ್‌ಗೂ 30 ದಿನವೇ ಸಾಕಿತ್ತು. ನಮ್ಮ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ (ಸೇನೆಯ ವೈದ್ಯಕೀಯ ತುಕಡಿ) ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ಕೆಳಗೆ 1950ರಲ್ಲಿ ಅಲ್ಲಿಗೆ ಹೋಗಿತ್ತು. ಹಾಗಾಗಿ ‘ನಮ್ಮ ಮಾವನಿಗೆ ತಿಂಗಳಲ್ಲೇ ಸಿಕ್ಕಿತ್ತು’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಾಗಿರಬೇಕಿಲ್ಲ. ಅದರಿಂದ ನಿಮ್ಮ ತಮ್ಮನ ಲೆಕ್ಕ ಮಾತ್ರ ಬದಲಾಗುವುದಿಲ್ಲ.

ಜಾಗವೂ ಹಾಗೆಯೇ. 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಬ್ರಿಟನ್ ಕೊಟ್ಟ ಸೌತ್ ಅಟ್ಲಾಂಟಿಕ್ ಮೆಡಲ್ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣದ ಯುದ್ಧಪ್ರದೇಶದೊಳಗೆ ಒಂದೇ ಒಂದು ದಿನ ಇದ್ದರೂ ಮೆಡಲ್, ಅದರ ರಿಬ್ಬನ್ ಮೇಲೆ ಒಂದು ಸಣ್ಣ ರೋಸೆಟ್ (ಹೂವಿನಾಕಾರದ ಗುರುತು) ಕೂಡ. ಯುದ್ಧದಿಂದ ದೂರದ ಅಸೆನ್ಷನ್ ದ್ವೀಪದಲ್ಲಿ ವಿಮಾನಕ್ಕೆ ಇಂಧನ, ಸಾಮಾನು ತುಂಬಿಸುತ್ತಿದ್ದವರಿಗೆ 30 ದಿನ ಬೇಕು, ರೋಸೆಟ್ ಇಲ್ಲ. ಅಪಾಯವನ್ನು ನಕ್ಷೆಯ ಮೇಲೆ ಗೆರೆ ಎಳೆದು ಅಳೆದಿದ್ದಾರೆ. ನನ್ನ ಮಟ್ಟಿಗೆ ಇದು ದಿನ ಮಾತ್ರ ಎಣಿಸುವುದಕ್ಕಿಂತ ನ್ಯಾಯವಾದ ಪದ್ಧತಿ.

ಈಗ ತಾತನ ಮೆಡಲ್. ಅದರ ರಿಬ್ಬನ್ ತಿಳಿನೀಲಿ, ಅಂಚಿನ ಹತ್ತಿರ ಎರಡು ಬಿಳಿ ಗೆರೆ, ಮೇಲೆ ‘ಕಾಂಗೋ’ ಎಂದು ಬರೆದ ಲೋಹದ ಪಟ್ಟಿ ಎಂದಿದ್ದೀರಿ. ಫೋಟೋಗಳಲ್ಲಿ ಕಾಂಗೋ ಮೆಡಲ್‌ನ ರಿಬ್ಬನ್ ನಡುವೆ ಅಗಲವಾದ ಹಸಿರು ಇದೆ, ಯಾರೋ ಬದಲಾಯಿಸಿ ಮಾರಿರಬಹುದೇ ಎಂದು ನಿಮ್ಮ ಶಂಕೆ. ಹಾಗೇನೂ ಇಲ್ಲ, ನೆಮ್ಮದಿಯಾಗಿರಿ. ಕಾಂಗೋ ಕಾರ್ಯಾಚರಣೆ ನಡೆದದ್ದು 1960ರಿಂದ 1964ರವರೆಗೆ. ಮೊದಲ ವರ್ಷಗಳಲ್ಲಿ ಆ ಮಿಷನ್‌ಗೆ ಸ್ವಂತ ರಿಬ್ಬನ್ ಇರಲಿಲ್ಲ. ಪ್ಯಾಲೆಸ್ತೀನ್ ಕಡೆಯ ಯುಎನ್ ವೀಕ್ಷಕರ ರಿಬ್ಬನ್ನನ್ನೇ ಬಳಸಿ, ಗುರುತಿಗೆ ‘ಕಾಂಗೋ’ ಕ್ಲಾಸ್ಪ್ (ನೀವು ಹೇಳಿದ ಲೋಹದ ಪಟ್ಟಿ) ಹಾಕಿ ಕೊಟ್ಟರು. ಹಸಿರಿನ ರಿಬ್ಬನ್ ಬಂದದ್ದು 1963ರಲ್ಲಿ. ಅಂದರೆ ನಿಮ್ಮ ತಾತನ ಬಳಿ ಇರುವುದು ಹಳೆಯ, ಮೊದಲ ರೂಪ. ಅದನ್ನು ‘ಸರಿ’ ಮಾಡಿಸಲು ಹೋಗಿ ಹೊಸ ರಿಬ್ಬನ್ ಹೊಲಿಸಬೇಡಿ.

ಯುಎನ್ ಮೆಡಲ್‌ಗಳಲ್ಲಿ ಬಿಲ್ಲೆ ಬಹುಪಾಲು ಒಂದೇ, ಮಿಷನ್ ಗೊತ್ತಾಗುವುದು ರಿಬ್ಬನ್‌ನಿಂದ. ಅದೇ ಮಿಷನ್‌ಗೆ ಮತ್ತೊಮ್ಮೆ ಹೋಗಿ ಅವಧಿ ಮುಗಿಸಿದರೆ ಎರಡನೇ ಮೆಡಲ್ ಕೊಡುವುದಿಲ್ಲ, ರಿಬ್ಬನ್ ಮೇಲೆ ಒಂದು ಅಂಕಿ ಹಾಕುತ್ತಾರೆ. ಬೇರೆ ಮಿಷನ್‌ಗೆ ಹೋದರೆ ಬೇರೆ ರಿಬ್ಬನ್‌ನ ಮೆಡಲ್. ಗಾಜಾಕ್ಕೆ ಹೋಗಿದ್ದ ನಮ್ಮವರ ಮೆಡಲ್ ಮಾತ್ರ ಬಿಲ್ಲೆಯ ಮೇಲಿನ ಅಕ್ಷರದಲ್ಲೇ ಭಿನ್ನ, ‘ಯುಎನ್‌ಇಎಫ್’ (ಯುಎನ್ ತುರ್ತು ಪಡೆ) ಎಂದಿರುತ್ತದೆ. ಅದರ ರಿಬ್ಬನ್ ಸೈನಾಯ್ ಮರಳಿನ ಬಣ್ಣದ್ದು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯುಎನ್ ಕೊಡುವ ಮೆಡಲ್ ಬೇರೆ, ಭಾರತ ಸರ್ಕಾರದ ‘ವಿದೇಶ್ ಸೇವಾ ಮೆಡಲ್’ ಬೇರೆ. ಎರಡನೆಯದು 1960ರಲ್ಲಿ ಶುರುವಾದದ್ದು, ಸೇವೆ ಮಾಡಿದ ದೇಶದ ಹೆಸರಿನ ಕ್ಲಾಸ್ಪ್ ಜೊತೆ ಬರುತ್ತದೆ. ಯುಎನ್‌ಗೆ ಹೋಗಿ ಬಂದ ಎಷ್ಟೋ ಜನರ ಎದೆ ಮೇಲೆ ಎರಡೂ ಇರುತ್ತವೆ. ಒಂದಕ್ಕೆ ಇಲ್ಲ ಎಂದ ಮಾತ್ರಕ್ಕೆ ಇನ್ನೊಂದಕ್ಕೂ ಇಲ್ಲ ಎಂದು ನೀವೇ ತೀರ್ಮಾನಿಸಿಕೊಳ್ಳಬೇಡಿ, ಕೊಡುವವರೂ ಬೇರೆ, ಆದೇಶವೂ ಬೇರೆ. ತಾತನ ಡಿಸ್ಚಾರ್ಜ್ ಬುಕ್‌ನಲ್ಲಿ ಮೆಡಲ್‌ಗಳ ಸಾಲು ಇರುತ್ತದೆ. ಅಲ್ಲಿ ವಿದೇಶ್ ಸೇವಾ ಇದ್ದು ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಅವರ ರೆಜಿಮೆಂಟ್‌ನ ರೆಕಾರ್ಡ್ ಆಫೀಸಿಗೆ ಬರೆದು ಕೇಳಬಹುದು. ಪತ್ರ ಬರೆಯಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ನೆರವಾಗುತ್ತಾರೆ.

ತಮ್ಮ ಇನ್ನೂ ಸೇವೆಯಲ್ಲಿದ್ದಾನೆ, ಆದ್ದರಿಂದ ನೀವಾಗಲಿ ನಿಮ್ಮ ತಂದೆಯವರಾಗಲಿ ದೆಹಲಿಗೆ ಅರ್ಜಿ ಹಾಕುವುದು ಬೇಡ. ಅದು ತಿರುಗಿ ಪಲ್ಟನ್‌ಗೇ ಬರುತ್ತದೆ, ಸುಮ್ಮನೆ ಅವನ ಮೇಲೆ ಕಣ್ಣು ಬೀಳುತ್ತದೆ. ಅವನೇ ತನ್ನ ಕಂಪನಿಯ ಮೂಲಕ ಒಂದು ಪುಟದ ಅರ್ಜಿ ಕೊಡಲಿ. ಮಿಷನ್ ತಲುಪಿದ ದಿನ, ಆಸ್ಪತ್ರೆ ಸೇರಿದ ದಿನ, ಆ ದೇಶ ಬಿಟ್ಟ ದಿನ, ಈ ಮೂರು ತಾರೀಖು ಮೊದಲ ಸಾಲುಗಳಲ್ಲೇ ಇರಲಿ. ಮೂವ್‌ಮೆಂಟ್ ಆರ್ಡರ್ ಮತ್ತು ಮೆಡಿಕಲ್ ಕಾಗದದ ನಕಲು ಲಗತ್ತಿಸಲಿ. ಯುಎನ್ ಮೆಡಲ್ ಮತ್ತು ವಿದೇಶ್ ಸೇವಾ ಮೆಡಲ್ ಎರಡರ ಬಗ್ಗೆಯೂ ಪ್ರತ್ಯೇಕವಾಗಿ ಕೇಳಲಿ. ಅದಕ್ಕೂ ಮುಂಚೆ ಹೆಡ್‌ಕ್ಲರ್ಕ್ ಹತ್ತಿರ ಕೂತು ಅವನ ವಿದೇಶ ಸೇವೆಯ ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆಗೆ ಸೇರುವ ಪಲ್ಟನ್‌ನ ಆದೇಶ) ಹೊರಬಿದ್ದಿದೆಯೇ, ಅದರಲ್ಲಿ ತಾರೀಖು ಏನಿದೆ ಎಂದು ನೋಡಲಿ. ಅಲ್ಲಿ ತಪ್ಪು ತಾರೀಖು ಇದ್ದರೆ ಮೊದಲು ಅದನ್ನು ತಿದ್ದಿಸಬೇಕು. ಅದು ತಿದ್ದುವವರೆಗೆ ರೆಕಾರ್ಡ್ ಆಫೀಸಿನವರು ನಿಮ್ಮ 84ನ್ನೂ ನೋಡುವುದಿಲ್ಲ, 91 ಇದ್ದರೆ ಅದನ್ನೂ ನೋಡುವುದಿಲ್ಲ.

ಆ ಆರ್ಡರ್‌ನಲ್ಲಿರುವ ತಾರೀಖುಗಳನ್ನು ಇಲ್ಲಿ ಕೆಳಗೆ ಬರೆದರೆ (ಹೆಸರು, ನಂಬರ್, ಯೂನಿಟ್ ಏನೂ ಬೇಡ) ಲೆಕ್ಕ ಹಾಕಿ ಹೇಳುತ್ತೇನೆ.