ಹಂಚಿನ ಮನೆ, ಮಳೆ ಸದ್ದು, ಹಾಡಿನ ರೆಕಾರ್ಡಿಂಗ್
ಉಡುಪಿಯ ಹಂಚಿನ ಮನೆಯಲ್ಲಿ ಮಳೆ ಸದ್ದು ತಡೆಯಲು ಗೋಡೆಗೆ ಫೋಮ್ ಅಂಟಿಸಿದರೆ ಸಾಕಾ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಫೋಮ್ ಕೋಣೆಯೊಳಗಿನ ಮಾರ್ದನಿಯನ್ನು ಸ್ವಲ್ಪ ಹೀರುತ್ತದೆ, ಅಷ್ಟೇ. ಹೊರಗಿನ ಸದ್ದು ಹಾಗೇ ಒಳಗೆ ಬರುತ್ತದೆ. ಸುಮ್ನೆ ದುಡ್ಡು ದಂಡ.

ನಾನು ಮಂಗಳೂರಿನಲ್ಲಿ ಬಟ್ಟೆ ಕಪಾಟಿನ ಬಾಗಿಲು ತೆರೆದಿಟ್ಟು, ಅದಕ್ಕೆ ಬೆನ್ನು ಹಾಕಿ ಹಾಡುತ್ತೇನೆ. ಮೈಕಿನ ಮುಖ ನಮ್ಮ ಕಡೆ ಇರುತ್ತದಲ್ವಾ, ಹಾಗಾಗಿ ನಮ್ಮ ಬೆನ್ನ ಹಿಂದಿನ ಗೋಡೆಯ ಸದ್ದೇ ಅದಕ್ಕೆ ಜಾಸ್ತಿ ಸಿಗುವುದು. ಅಮ್ಮನ ಸೀರೆಗಳು ಅದನ್ನು ಚೆನ್ನಾಗಿ ನುಂಗುತ್ತವೆ.

ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿನ ಬದಲು, ಅಷ್ಟು ಸೂಕ್ಷ್ಮವಲ್ಲದ ಡೈನಾಮಿಕ್ ಮೈಕ್ (ಶೂರ್ ಕಂಪನಿಯ ಎಸ್‌ಎಂ58 ಥರದ್ದು) ತಗೊಳ್ಳಿ, ಬಾಯಿಗೆ ನಾಲ್ಕು ಬೆರಳು ದೂರ ಇಡಿ. ಫ್ಯಾನ್ ಬಂದ್, ಬೆವರು ಗ್ಯಾರಂಟಿ! ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಮಾತ್ರ ಯಾವ ಮೈಕೂ ಸಾಲದು. ಆಗ ನಾನು ಕೀಬೋರ್ಡನ್ನು ನೇರ ವಯರಿನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಹಾಡು ಮಳೆ ಬಿಟ್ಟ ಮೇಲೆ.